ಮೂರು ವಾರದ ಅಲ್ಜೀಬ್ರಾ

ಫೋನ್ ಬಂದಾಗ ಡೆನ್ನಿ ಪೆಲ್‌ಫ್ರೀ ಜಿಮ್ಮಿನ ಹಿಂದಿನ ಸಾಮಾನು ಕೋಣೆಯಲ್ಲಿ ಶಾಟ್‌ಪುಟ್ ಗುಂಡುಗಳಿಗೆ ಮೆತ್ತಿದ್ದ ಮಣ್ಣು ಒರೆಸುತ್ತ ಕೂತಿದ್ದ. ಹೆಸರು ನೋಡಿದ್ದೇ ತಡ, ಮುಖ ಅರಳಿತು. ಇನ್‌ಗ್ರಿಡ್! ದೊಡ್ಡ ಕಾಲೇಜಿನ ಕೋಚ್. ಇನ್ನು ಮೂರು ವಾರ ಕಳೆದರೆ ನವೆಂಬರಿನ ಸಹಿ ದಿನ. ಅವತ್ತು ಇದೇ ಜಿಮ್ಮಿನಲ್ಲಿ ಮೇಜು ಹಾಕಿ, ಊರೆಲ್ಲ ಸೇರಿ, ಮಾರ್ಲೀ ಸ್ಟಿಡಮ್ ಆ ಕಾಲೇಜಿನ ಟೋಪಿ ತಲೆಗಿಟ್ಟುಕೊಂಡು ಸೇರ್ಪಡೆಯ ಕಾಗದಕ್ಕೆ ಸಹಿ ಹಾಕಬೇಕು. ಕೆಂಟಕಿಯ ಈ ಬೆಟ್ಟದ ಸಂದಿಯ ಹೈಸ್ಕೂಲಿನಿಂದ ಗುಂಡು ಎಸೆದೇ ಕಾಲೇಜು ಸೇರುವ ಮೊದಲ ಹುಡುಗಿ ಅವಳು. ಅವಳಿಗೆ ಮೂರು ವರ್ಷ ಎಸೆಯುವುದನ್ನು ಕಲಿಸಿದವನು ಡೆನ್ನಿ.

"ಡೆನ್ನಿ, ಸುದ್ದಿ ಚೆನ್ನಾಗಿಲ್ಲ," ಅಂದಳು ಇನ್‌ಗ್ರಿಡ್. "ನಿಮ್ಮ ಹುಡುಗಿ ಫೈಲು ಅರ್ಹತೆ ನೋಡೋ ಕಚೇರಿಯಿಂದ ಬಂತು. ಒಂಬತ್ತೇ ಇದೆ."

"ಏನು ಒಂಬತ್ತು?"

"ಮುಖ್ಯ ವಿಷಯಗಳು. ಹೈಸ್ಕೂಲಿನ ಕೊನೇ ವರ್ಷ ಶುರುವಾಗೋಕೆ ಮುಂಚೆ ಹತ್ತು ಮುಗಿಸಿರಬೇಕು. ಎರಡನೇ ಅಲ್ಜೀಬ್ರಾನ ಅವರು ಎಣಿಸಿಲ್ಲ."

"ಅದ್ಯಾಕೆ ಎಣಿಸಲ್ಲ? ಅದರಲ್ಲಿ ಅವಳಿಗೆ ಬಿ ಗ್ರೇಡು ಬಂದಿದೆ!"

"ಇಡೀ ವರ್ಷದ್ದನ್ನ ಮೂರು ವಾರದಲ್ಲಿ ಕಂಪ್ಯೂಟರ್ ಒತ್ತಿ ಒತ್ತಿ ಮುಗಿಸಿದ್ದಾಳೆ. ಟೀಚರ್ ಇಲ್ಲ, ಪಾಠ ಇಲ್ಲ. ಶಾಲೆಗೆ ಅದು ನಡೆಯತ್ತೆ, ಇವರಿಗೆ ನಡೆಯಲ್ಲ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕು ಅಂತ ಅನಿಸಿಯೂ ಇರಲಿಲ್ಲ.

"ಈಗ ಮತ್ತೆ ಓದಿಸ್ತೀನಿ. ಮೇ ತಿಂಗಳೊಳಗೆ ಮುಗಿಸ್ತಾಳೆ."

"ಓದಲಿ, ಬೇಡ ಅನ್ನಲ್ಲ. ಆದರೆ ಆ ಹತ್ತರ ಗಡುವು ಆಗಸ್ಟಲ್ಲಿ ಶಾಲೆ ಶುರುವಾದಾಗಲೇ ಮುಗೀತು. ಇನ್ನೇನಿದ್ರೂ ಕಾಲೇಜಿನ ಮೊದಲ ವರ್ಷ ಅವಳು ಬರೀ ಅಭ್ಯಾಸ ಮಾಡಬಹುದು, ಸ್ಪರ್ಧೆಗೆ ಇಳಿಯೋ ಹಾಗಿಲ್ಲ. ಗುಂಡು ಎಸೆಯೋರಿಗೆ ಅಂತ ನನ್ನ ಹತ್ರ ಇರೋದು ಒಂದೇ ಜಾಗ. ಅದನ್ನ ಬೆಂಚಿನ ಮೇಲೆ ಕೂರೋಳಿಗೆ ಕೊಟ್ರೆ ನನ್ನನ್ನೂ ಅಲ್ಲೇ ಕೂರಿಸ್ತಾರೆ. ಒಹಾಯೋ ಕಡೆ ಇನ್ನೊಬ್ಬಳಿದ್ದಾಳೆ, ಅವಳಿಗೆ ಹೇಳಿಬಿಟ್ಟೆ. ಮಾರ್ಲೀಗೆ ನೀವು ಹೇಳ್ತೀರಾ, ನಾನು ಹೇಳಲಾ?"

"ನಾನೇ ಹೇಳ್ತೀನಿ," ಅಂದ ಡೆನ್ನಿ.

ಆಗಿದ್ದೇನು ಅಂದರೆ, ಆ ಶಾಲೆಯಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ಒಂದು ಪಟ್ಟಿ ಬರುತ್ತದೆ. ಯಾರು ಯಾವ ವಿಷಯದಲ್ಲಿ ನಪಾಸಾಗುತ್ತಿದ್ದಾರೋ ಅವರ ಹೆಸರು ಅದರಲ್ಲಿ. ಹೆಸರು ಬಂತೋ, ಮುಂದಿನ ವಾರ ಆಟವಿಲ್ಲ. ಕೋಚುಗಳೆಲ್ಲ ಆ ಪಟ್ಟಿಗೆ ಹೆದರಿ ಸಾಯುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ಅದರಲ್ಲಿ ಮಾರ್ಲೀಯ ಹೆಸರಿತ್ತು, ಪಕ್ಕದಲ್ಲಿ ಅಲ್ಜೀಬ್ರಾ. ವಲಯ ಮಟ್ಟದ ಕೂಟಕ್ಕೆ ಉಳಿದದ್ದು ನಾಲ್ಕೇ ವಾರ. ಡೆನ್ನಿ ಹಿಂದೆಮುಂದೆ ನೋಡಲಿಲ್ಲ. ಫುಟ್‌ಬಾಲ್‌ನವರು, ಬಾಸ್ಕೆಟ್‌ಬಾಲ್‌ನವರು ಎಲ್ಲರೂ ಮಾಡುವುದನ್ನೇ ಮಾಡಿದ. ಆ ತರಗತಿಯಿಂದ ಅವಳನ್ನು ಬಿಡಿಸಿ, ಲೈಬ್ರರಿಯ ಮೂಲೆಯ ಕಂಪ್ಯೂಟರ್ ಮುಂದೆ ತಾನೇ ಕರೆದುಕೊಂಡು ಹೋಗಿ ಕೂರಿಸಿದ. ತಪ್ಪು ಉತ್ತರ ಒತ್ತಿದರೆ ಅದು ಮತ್ತೆ ಕೇಳುತ್ತದೆ, ಸರಿಯಾದದ್ದು ಸಿಗುವವರೆಗೂ ಒತ್ತುತ್ತಿದ್ದರಾಯಿತು. ಪಟ್ಟಿಯಿಂದ ಹೆಸರು ಹೋಯಿತು. ಮೇ ಕೊನೆಗೆ ರಾಜ್ಯ ಕೂಟದಲ್ಲಿ ಮಾರ್ಲೀ ನಲವತ್ತೆರಡು ಅಡಿ ಎಸೆದು ಎರಡನೆಯವಳಾದಳು. ಇನ್‌ಗ್ರಿಡ್ ಅವಳನ್ನು ನೋಡಿದ್ದೇ ಅಲ್ಲಿ. ಆ ಎಸೆತ ಇರದಿದ್ದರೆ ಕಾಲೇಜಿನ ಮಾತೇ ಇರುತ್ತಿರಲಿಲ್ಲ. ಆ ಎಸೆತಕ್ಕಾಗಿ ಮಾಡಿದ ಕೆಲಸವೇ ಈಗ ಕಾಲೇಜನ್ನು ಕಿತ್ತುಕೊಂಡಿತ್ತು.

ಡೆನ್ನಿ ಒರೆಸುವ ಬಟ್ಟೆ ಬಿಸಾಕಿ ಸೀದಾ ಅಲ್ಜೀಬ್ರಾ ಟೀಚರ್ ನಡೀನ್ ಕೂಮ್ಸ್ ಕೋಣೆಗೆ ನಡೆದ. ಅವಳು ಇವನಿಗಿಂತ ಹದಿನೈದು ವರ್ಷ ದೊಡ್ಡವಳು, ಉತ್ತರ ಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಡಲೂ ಇಲ್ಲ.

"ಏನು ಕೋಚ್ ಸಾಹೇಬ್ರು ಇತ್ತ ಕಡೆ? ದಾರಿ ತಪ್ಪಿತಾ? ಜಿಮ್ಮು ಆ ಕಡೆ."

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಪೆನ್ನು ನಿಂತಿತು.

"ಅಯ್ಯೋ ಪಾಪ, ಆ ಹುಡುಗಿ," ಅಂದಳು.

"ಒಂದು ಕಾಗದ ಕೊಡಿ ಕೂಮ್ಸ್ ಮೇಡಂ. ಸಂಜೆ ಹೊತ್ತು ನೀವು ಅವಳಿಗೆ ಪಾಠ ಮಾಡಿದ್ರಿ, ಪರೀಕ್ಷೆ ತಗೊಂಡ್ರಿ ಅಂತ. ಅಷ್ಟಿದ್ರೆ ಆ ಕಚೇರಿಯವರು ಎಣಿಸಬಹುದು, ಆ ಕೋಚಮ್ಮನ ಕಾಲು ಹಿಡೀತೀನಿ."

"ಪಾಠ ಮಾಡಿದ್ರೆ ಬರೆದುಕೊಡ್ತಿದ್ದೆ. ಮಾಡೋಕೆ ನೀವು ಬಿಟ್ರಾ?" ಅವಳು ಕನ್ನಡಕ ತೆಗೆದಳು. "ದಿನಾ ಸಂಜೆ ಒಂದು ಗಂಟೆ ಅವಳನ್ನ ನನ್ನ ಹತ್ರ ಕೂರಿಸಿ, ಪಾಸು ಮಾಡಿಸೋದು ನನ್ನ ಜವಾಬ್ದಾರಿ ಅಂತ ಜಿಮ್ಮಿನ ಬಾಗಿಲಿಗೆ ಬಂದು ಹೇಳಿದ್ದೆ. ಹುಡುಗರ ಮುಂದೆ ಏನಂದ್ರಿ ನೆನಪಿದೆಯಾ? 'ಅಲ್ಜೀಬ್ರಾ ಯಾರನ್ನ ಉದ್ಧಾರ ಮಾಡಿದೆ, ನಮ್ಮ ಕೂಮ್ಸ್ ಮೇಡಂ ಲಟಾರಿ ಕಾರು ನೋಡಿ' ಅಂದ್ರಿ. ಎಲ್ಲ ಬಿದ್ದು ಬಿದ್ದು ನಕ್ಕರು."

ಡೆನ್ನಿಗೆ ನಗು ನೆನಪಿತ್ತು, ಮಾತು ನೆನಪಿರಲಿಲ್ಲ.

"ಸುಳ್ಳು ಬರೆಯಲ್ಲ," ಅಂದಳು ನಡೀನ್, ಈ ಸಲ ಮೆತ್ತಗೆ. "ನಾಳೆಯಿಂದ ಕಳಿಸಿ, ನಿಜವಾಗಿ ಕಲಿಸ್ತೀನಿ. ಅದರಿಂದ ಆ ಸೀಟು ವಾಪಸ್ ಬರಲ್ಲ ಅಂತ ನಂಗೂ ಗೊತ್ತು."

ಮಾರ್ಲೀಯ ಮನೆ ಹಳ್ಳದ ಆಚೆ. ಜಗಲಿಯ ಮೇಲೆ ಅವಳ ಅಜ್ಜಿ ಓಲೀಟಾ ಬೀನ್ಸಿನ ನಾರು ತೆಗೆಯುತ್ತಿದ್ದಳು. ಡೆನ್ನಿ ಚಿಕ್ಕವನಿದ್ದಾಗ ಶಾಲೆಯ ಅಡುಗೆಮನೆಯಲ್ಲಿ ಅವನ ತಟ್ಟೆಗೆ ಬಡಿಸಿದವಳು.

"ಬಾರೋ ಡೆನ್ನಿ. ಏನೋ ಮುಖ ಹಿಂಗಿದೆ, ಹೆಂಡತಿ ಹೊಡೆದಳಾ?" ಅಂದಳು. ಉತ್ತರಕ್ಕೂ ಕಾಯದೆ, "ಚರ್ಚಿನೋರು ಹದಿನೆಂಟು ಅಂಗಿ ಮಾಡಿಸೋಕೆ ಹೇಳಿದ್ದಾರಂತೆ, ಎಲ್ಲ ಕಾಲೇಜಿನ ಬಣ್ಣದ್ದೇ. ನಂಗೆ ದೊಡ್ಡ ಸೈಜು ಇರಲಿ ಅಂತ ಹೇಳ್ಬಿಟ್ಟೆ. ಸಹಿ ದಿನಕ್ಕೆ ಏಳು ಪದರದ ಆಪಲ್ ಕೇಕು ನಾನೇ ಮಾಡ್ತೀನಿ," ಅಂದಳು.

ಒಳಗಿನಿಂದ ಮಾರ್ಲೀ ಬಂದಳು. ಬಾಗಿಲು ತುಂಬುವಂಥ ಹೆಗಲು, ಮಗುವಿನಂಥ ಮುಖ. "ಕೋಚ್! ಇವತ್ತು ಅಭ್ಯಾಸ ಇಲ್ಲ ಅಂದಿದ್ರಲ್ಲ?"

ಅವನು ನಿಂತೇ ಹೇಳಿದ. ಹತ್ತು, ಒಂಬತ್ತು, ಆಗಸ್ಟು, ಒಹಾಯೋದವಳು. ಬೀನ್ಸ್ ಮುರಿಯುವ ಸದ್ದು ನಿಂತುಹೋಯಿತು.

"ಇವಳು ನಪಾಸಾದ್ಲಾ?" ಅಂದಳು ಅಜ್ಜಿ.

"ಇಲ್ಲ ಅಜ್ಜಿ, ಪಾಸಾದೆ. ಬಿ ಬಂತಲ್ಲ, ನೀನೇ ಫ್ರಿಜ್ಜಿಗೆ ಅಂಟಿಸಿದ್ದೆ."

"ಪಾಸಾದ ಮೇಲೆ ಇನ್ನೇನಂತೆ ಅವರಿಗೆ?"

"ಅದು ಅವರಿಗೆ ನಡೆಯೋ ಪಾಠ ಅಲ್ಲ ಓಲೀಟಾ," ಅಂದ ಡೆನ್ನಿ.

"ಆ ಪಾಠಕ್ಕೆ ಇವಳನ್ನ ಹಾಕಿದ್ದು ಯಾರು?"

ಮಾರ್ಲೀ ಬಾಯಿ ತೆರೆದಳು. ಅವಳು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾಳೆ ಅಂತ ಡೆನ್ನಿಗೆ ಕಂಡಿತು. ಒಂದು ಕ್ಷಣ, ಒಂದೇ ಕ್ಷಣ, ಹಾಕಿಕೊಳ್ಳಲಿ ಅಂತಲೂ ಅನ್ನಿಸಿತು.

"ನಾನು," ಅಂದ.

ಅಜ್ಜಿ ಅವನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಾನು ಸಂಜೆ ಕೂಮ್ಸ್ ಮೇಡಂ ಹತ್ರ ಪಾಠಕ್ಕೆ ನಿಲ್ತೀನಿ ಅಂದಿದ್ದೆ ಕೋಚ್," ಅಂದಳು ಮಾರ್ಲೀ. ಆ ದನಿಯಲ್ಲಿ ದೂರಿರಲಿಲ್ಲ, ನಡೆದದ್ದನ್ನು ನೆನಪು ಮಾಡಿಕೊಳ್ಳುತ್ತಿದ್ದಳು ಅಷ್ಟೇ. "ಅಭ್ಯಾಸ ತಪ್ಪುತ್ತೆ, ಬೇಡ ಅಂದ್ರಿ."

"ಹೂಂ. ಅಂದೆ."

ಅವಳು ಮೆಟ್ಟಿಲ ಮೇಲೆ ಕೂತು ಅಂಗೈಯ ಜಡ್ಡುಗಟ್ಟಿದ ಜಾಗವನ್ನು ಉಜ್ಜಿಕೊಂಡಳು. ಆಮೇಲೆ ತಲೆ ಎತ್ತಿ ಕೇಳಿದಳು: "ಈ ಸಲ ನಲವತ್ತೈದು ಅಡಿ ಎಸೆದ್ರೆ, ಕೋಚ್? ಆಗ ಎಣಿಸ್ತಾರಾ?"

ಮೂರು ವರ್ಷ ಅವಳು ಏನೇ ಕೇಳಿದರೂ ಡೆನ್ನಿ ಕೊಟ್ಟ ಉತ್ತರ ಒಂದೇ. ಅಪ್ಪ ಫೋನ್ ಮಾಡಲ್ಲ ಅಂದಾಗ, ಹುಡುಗಿಯರು ನನ್ನ ಮೈ ನೋಡಿ ನಗ್ತಾರೆ ಅಂದಾಗ, ಓದು ತಲೆಗೆ ಹೋಗಲ್ಲ ಅಂದಾಗ: ಇನ್ನೂ ದೂರ ಎಸಿ ಮಗಾ, ಎಲ್ಲ ಸರಿಹೋಗುತ್ತೆ. ಅವಳು ನಂಬಿದ್ದಳು. ಈಗಲೂ ನಂಬಿಯೇ ಕೇಳುತ್ತಿದ್ದಳು.

"ಇಲ್ಲ ಮಾರ್ಲೀ," ಅಂದ. "ಎಷ್ಟು ದೂರ ಎಸೆದ್ರೂ ಇಲ್ಲ."

ಅವಳು ಸರಿ ಅನ್ನುವ ಹಾಗೆ ತಲೆಯಾಡಿಸಿ, ಎದ್ದು ಒಳಗೆ ಹೋದಳು. ಬಾಗಿಲನ್ನು ಬಡಿಯಲಿಲ್ಲ, ಸದ್ದಾಗದಂತೆ ಮುಚ್ಚಿಕೊಂಡಳು.

ಅಜ್ಜಿ ಬೀನ್ಸಿನ ಪಾತ್ರೆ ಎತ್ತಿಕೊಂಡು ನಿಂತಳು. "ಮನೆಗೆ ಹೋಗೋ ಡೆನ್ನಿ," ಅಂದಳು. "ಚರ್ಚಿನೋರಿಗೆ ನಾನೇ ಹೇಳ್ಕೋತೀನಿ."