ಶನಿವಾರದ ದೋಣಿ

ಮಂಚವನ್ನು ಅಡ್ಡ ಮಾಡಿ, ಓರೆ ಮಾಡಿ, ಕೊನೆಗೆ ಒಂದು ಕಾಲು ಕಳಚಿ ಅಂಗಳಕ್ಕೆ ದಾಟಿಸುವಷ್ಟರಲ್ಲಿ ಚಿತ್ತರಂಜನನ ಅಂಗಿ ಬೆವರಿನಿಂದ ಒದ್ದೆಯಾಯಿತು. ದೊಡ್ಡಮ್ಮ ಗುಲಾಬಿಯನ್ನು ಮಲಗಿಸಲು ಜಗಲಿಯಲ್ಲಿ ಜಾಗ ಬೇಕಿತ್ತು. ಬೋಳೂರಿನ ಆ ಪುಟ್ಟ ಮನೆಯಲ್ಲಿ ಅವಳು ನಲವತ್ತು ವರ್ಷ ಬೀಡಿ ಕಟ್ಟಿದ್ದಳು, ಕೇರಿಗೆಲ್ಲ ಬೈದಿದ್ದಳು, ಬೈಸಿಕೊಂಡವರಿಗೆಲ್ಲ ಚಹಾ ಕೊಟ್ಟಿದ್ದಳು. ನಿನ್ನೆ ಸಂಜೆ ಬೀಡಿಯ ಮೊರದ ಮುಂದೆ ಕೂತಲ್ಲೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದಳು.

"ಇದನ್ನೆಂತ ಮಾಡುದು?" ಪಕ್ಕದ ಮನೆಯ ಕುಶಲಾ ಆ ಮೊರವನ್ನು ಎತ್ತಿ ಹಿಡಿದಳು. ಅದರಲ್ಲಿ ಒಂದು ಬೀಡಿ ಅರ್ಧ ಸುತ್ತಿದ ಹಾಗೆಯೇ ಇತ್ತು.

"ಅಲ್ಲೇ ಇಡಿ," ಎಂದ ನೋಣಯ್ಯ. ಅವನು ಗುಲಾಬಿಯ ತಮ್ಮ. "ಮುಟ್ಟಿದ್ರೆ ಎದ್ದು ಕೂತು ಬೈದಾಳು, ಮಾರಾಯ್ತಿ."

ಅಳುತ್ತಿದ್ದ ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಚಿತ್ತರಂಜನನಿಗೆ ನಗು ಬರಲಿಲ್ಲ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಈ ದೊಡ್ಡಮ್ಮ. ಅವಳಿಗೆ ಬೇರೆ ಮಕ್ಕಳಿರಲಿಲ್ಲ.

"ಅವಳ ಬಾಯಿಗೆ ಮೊದಲ ನೀರು ನೀನೇ ಬಿಡ್ಬೇಕು," ಎಂದ ನೋಣಯ್ಯ. "ಬಿಡುವಾಗ ಮನಸ್ಸಲ್ಲಿ ಎಂತದೂ ಇಟ್ಕೊಳ್ಬೇಡ."

ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಮಾತು. ನಾಳೆ ಹೇಳಿದರಾಯಿತು ಎನ್ನುತ್ತ ಅದನ್ನು ಏಳು ವರ್ಷ ತಳ್ಳಿದ್ದ.

*

ಎಪ್ಪತ್ತೊಂಬತ್ತರ ಇಸವಿಯಲ್ಲಿ ಅವನು ಬಿಹಾರದ ಮುಜಫರಪುರದಿಂದ ಜ್ವರ ಹೊತ್ತುಕೊಂಡು ಊರಿಗೆ ಬಂದಿದ್ದ. ಅಲ್ಲಿ ಊರ ಕಡೆಯವರೊಬ್ಬರ ಹೋಟೆಲಿನಲ್ಲಿ ಅವನಿಗೆ ಕೆಲಸ. ಮಲೇರಿಯಾ ಮಾತ್ರೆ ನುಂಗಿದ್ದೇ ಬಂತು, ಜ್ವರ ಬಿಡಲಿಲ್ಲ. ಮೈ ಕಪ್ಪಿಟ್ಟು ಕಡ್ಡಿಯಾಯಿತು, ಹೊಟ್ಟೆಯ ಎಡಭಾಗ ಮಾತ್ರ ಕಲ್ಲಿನಂತೆ ಊದಿಕೊಂಡಿತು. ಆಸ್ಪತ್ರೆಯ ಡಾಕ್ಟರ್ ತಾರಾನಾಥ ಸೊಂಟದ ಮೂಳೆಗೆ ಸೂಜಿ ಚುಚ್ಚಿ ಮಜ್ಜೆ ತೆಗೆದು ನೋಡಿ, "ಇದು ಕಾಲಾ ಅಜಾರ್, ಕಪ್ಪು ಜ್ವರ" ಎಂದರು. ಅಂಥ ರೋಗಿಯನ್ನು ಅವರೂ ನೋಡಿದ್ದು ಅದೇ ಮೊದಲು. ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳಿದರು.

"ಮನೆಯಲ್ಲಿ ನಾಯಿ ಉಂಟಾ?"

"ಉಂಟು. ಯಾಕೆ?"

"ಪರದೇಶದಲ್ಲಿ ನಾಯಿಗಳಿಗೂ ಇದು ಬರ್ತದಂತೆ. ಕಣ್ಣಿನ ಸುತ್ತ ಕೂದಲು ಉದುರ್ತದೆ. ಮರಳು ನೊಣ ಅದನ್ನು ಕಚ್ಚಿ ಮತ್ತೆ ಮನುಷ್ಯನನ್ನು ಕಚ್ಚಿದ್ರೆ ದಾಟ್ತದೆ. ಸುಮ್ನೆ ಕೇಳಿದೆ."

ಡಾಕ್ಟರು ಸುಮ್ಮನೆ ಕೇಳಿದ್ದು ಚಿತ್ತರಂಜನನ ತಲೆಯಲ್ಲಿ ಸುಮ್ಮನೆ ಕೂರಲಿಲ್ಲ. ಗುಲಾಬಿಯ ಬಿಳಿ ನಾಯಿ ಬೊಳ್ಳುವಿನ ಕಣ್ಣ ಸುತ್ತ ಆಗ ಕೂದಲು ಉದುರುತ್ತಿತ್ತು. ರೋಗ ಹಿಡಿದವನಿಗೆ ಯಾರನ್ನಾದರೂ ದೂರಬೇಕು; ಬಾಲ ಅಲ್ಲಾಡಿಸುತ್ತ ಎದುರಿಗೇ ನಿಂತದ್ದು ಸಿಕ್ಕಿತು.

ಇಪ್ಪತ್ತು ದಿನ, ದಿನಕ್ಕೊಂದು ಇಂಜೆಕ್ಷನ್. ಗುಲಾಬಿ ದಿನವೂ ಅವನ ಜೊತೆ ಬಸ್ಸು ಹತ್ತಿ ಹೋಗಿ ಆಸ್ಪತ್ರೆಯ ವರಾಂಡದಲ್ಲಿ ಬೀಡಿ ಕಟ್ಟುತ್ತ ಕೂತಿರುತ್ತಿದ್ದಳು. ಗದರಿಸಲು ಬಂದ ನರ್ಸಿಗೆ ನಾಲ್ಕೇ ದಿನದಲ್ಲಿ ಅಕ್ಕನಾದಳು. ಐದನೆಯ ದಿನ ಮನೆಗೆ ಬಂದು ಚಿತ್ತರಂಜನ ಹೇಳಿದ:

"ಒಂದೋ ಬೊಳ್ಳು, ಒಂದೋ ನಾನು."

ಅವಳು ಬೈಯಲಿಲ್ಲ. ನಾಯಿಗೆ ಮೀನಿನ ಸಾರು ಕಲಸಿದ ಅನ್ನ ಹಾಕಿದಳು, ಕೊರಳಿಗೆ ಹಗ್ಗ ಕಟ್ಟಿ ಹೊರಟಳು. ಸಂಜೆ ಬರಿಯ ಹಗ್ಗ ಹಿಡಿದು ಬಂದಳು. "ಮುನ್ಸಿಪಾಲಿಟಿಯವರ ಕೈಗೆ ಕೊಟ್ಟೆ. ಇನ್ನು ಗಂಜಿ ಕುಡಿ," ಎಂದಳು.

ಆರು ತಿಂಗಳ ನಂತರ, ಎಲ್ಲ ಗುಣವಾಯಿತೆಂದು ಹೇಳುವಾಗ ಡಾಕ್ಟರ್ ತಾರಾನಾಥ ಇನ್ನೊಂದು ಮಾತೂ ಹೇಳಿದರು. "ಅವತ್ತು ನಾಯಿ ವಿಷಯ ಕೇಳಿದ್ದೆ ಅಲ್ವಾ? ಮತ್ತೆ ಓದಿ ನೋಡಿದೆ. ನಮ್ಮ ದೇಶದಲ್ಲಿ ನಾಯಿಯಿಂದ ಬಂದದ್ದು ಕಂಡಿಲ್ಲ. ಇಲ್ಲಿ ಮನುಷ್ಯನಿಂದ ನೊಣಕ್ಕೆ, ನೊಣದಿಂದ ಮನುಷ್ಯನಿಗೆ. ನೀವು ಬಿಹಾರದಿಂದಲೇ ತಂದದ್ದು. ಪಾಪ, ನಿಮ್ಮ ನಾಯಿಗೆ ಬರೀ ಕಜ್ಜಿ ಇರ್ಬೇಕು."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಮನೆಗೆ ಬಂದ. ಅವನು ಗುಣವಾದ ಸಂತೋಷಕ್ಕೆ ಗುಲಾಬಿ ಬಂಗುಡೆ ಹುರಿಯುತ್ತಿದ್ದಳು. "ಡಾಕ್ಟ್ರು ಎಂತ ಹೇಳಿದ್ರು?" ಎಂದು ಕೇಳಿದಳು. "ಎಂತ ಇಲ್ಲ," ಎಂದು ಕೈ ತೊಳೆದು ಊಟಕ್ಕೆ ಕೂತ.

*

ಹೆಣ ಮೀಯಿಸಿ ಮಲಗಿಸಿದ ಮೇಲೆ ಒಬ್ಬ ಮುದುಕ ಅಂಗಳದ ಬದಿಗೆ ಬಂದು ನಿಂತ. ಮೊಣಕಾಲಿನವರೆಗೆ ಅವನ ಲುಂಗಿ ಒದ್ದೆಯಾಗಿತ್ತು. ಯಾರಿಗೂ ಗುರುತಿಲ್ಲ.

"ನಾನು ಬೂಬ, ಹೊಳೆಯಾಚೆ ಬೆಂಗ್ರೆಯವ. ಬಲೆ ಹೆಣೆಯುದು," ಎಂದ. "ಗುಲಾಬಕ್ಕ ಹೋದ್ರಂತ ದೋಣಿಯವ ಹೇಳಿದ. ಶನಿವಾರ ಶನಿವಾರ ಬರ್ತಿದ್ರು."

"ಬೆಂಗ್ರೆಗಾ?" ಕುಶಲಾ ಬೆರಗಾದಳು. "ಬೀಡಿ ಕೊಡ್ಲಿಕ್ಕೆ ಹೋಗಿ ತಡ ಆಯ್ತು ಅಂತ ನಮ್ಗೆ ಹೇಳುದು! ಅಲ್ಲಿ ಎಂತ ಇತ್ತು ಅವರಿಗೆ?"

"ನಾಯಿ. ಬೊಳ್ಳು ಅಂತ."

ಚಿತ್ತರಂಜನ ಮುದುಕನ ಹತ್ತಿರಕ್ಕೆ ಬಂದ.

"ಐದು ವರ್ಷ ನನ್ನ ಹತ್ರ ಇತ್ತು," ಬೂಬ ಹೇಳುತ್ತ ಹೋದ. "ಬೇವಿನೆಣ್ಣೆಗೇ ಕಜ್ಜಿ ಹೋಯ್ತು. ಮೀನು ತಿಂದು ತಿಂದು ಕರುವಿನ ಹಾಗೆ ಆಗಿತ್ತು. ಶನಿವಾರ ಬೆಳಿಗ್ಗೆಯೇ ದೋಣಿ ಕಟ್ಟುವಲ್ಲಿ ಹೋಗಿ ಕೂರುದು. ಅದು ಸತ್ತ ಮೇಲೂ ಅಕ್ಕ ಬರುದು ಬಿಡ್ಲಿಲ್ಲ. ನಾನೇ ಒಮ್ಮೆ ಕೇಳಿದ್ದೆ, ಇಷ್ಟು ಪ್ರೀತಿ ಇದ್ರೆ ಮನೆಗೇ ಕೊಂಡೋಗಿ ಅಂತ. ಡಾಕ್ಟ್ರನ್ನು ಅವರೇ ಕೇಳಿದ್ರಂತೆ, ನಾಯಿಗೆ ಆ ರೋಗ ಇಲ್ಲ ಅಂದಿದ್ರಂತೆ."

"ಮತ್ತೆ ಯಾಕೆ ತರ್ಲಿಲ್ಲ?" ಎಂದ ನೋಣಯ್ಯ.

"ಮನೆಯಲ್ಲಿ ಹುಡುಗ ಇದ್ದಾನೆ, ಡಾಕ್ಟ್ರು ಹೇಳಿ ಅವನಿಗೂ ಗೊತ್ತುಂಟು, ಹೇಳ್ಲಿಕ್ಕೆ ನಾಚಿಕೆ ಅವನಿಗೆ, ಅಂದ್ರು. ನಾನು ನಾಯಿ ಹಿಡ್ಕೊಂಡು ಹೋಗಿ ನಿಂತ್ರೆ ಅವ ತಲೆ ಎತ್ತುದು ಹೇಗೆ, ಅಂತ ಕೇಳಿದ್ರು. ಅವನಾಗಿ ಬಾಯಿ ಬಿಟ್ಟ ದಿನ ಕೊಂಡೋಗ್ತೇನೆ, ಅಂದ್ರು." ಬೂಬ ಸುತ್ತ ನೋಡಿದ. "ಆ ಹುಡುಗ ಇಲ್ಲಿ ಉಂಟಾ?"

"ನಾನೇ," ಎಂದ ಚಿತ್ತರಂಜನ. ಅವನಿಗೆ ನಲವತ್ತಾಗಿತ್ತು, ಕಿವಿಯ ಮೇಲೆ ನರೆ ಬಂದಿತ್ತು.

ನೋಣಯ್ಯ ನೀರಿನ ಲೋಟಕ್ಕೆ ತುಳಸಿ ಹಾಕಿ ಅವನ ಕೈಗೆ ಕೊಟ್ಟ. ಚಿತ್ತರಂಜನ ದೊಡ್ಡಮ್ಮನ ಎಡಬದಿಗೆ ಕೂತ. ಕೂತವನು ಮತ್ತೆ ಎದ್ದ. ಎರಡು ವರ್ಷದಿಂದ ಅವಳಿಗೆ ಎಡಗಿವಿ ಕೇಳುತ್ತಿರಲಿಲ್ಲ. ಕಾಲ ಬುಡದಿಂದ ಸುತ್ತು ಹಾಕಿ ಬಲಬದಿಗೆ ಬಂದು, ಲೋಟವನ್ನು ನೆಲಕ್ಕಿಟ್ಟು, ಅವಳ ಬಲಗಿವಿಯ ಹತ್ತಿರ ಬಾಗಿದ.

"ದೊಡ್ಡಮ್ಮ," ಎಂದ, ದಿನವೂ ಹೇಳುವಷ್ಟೇ ಗಟ್ಟಿಯಾಗಿ. ಅಂಗಳದ ಕೊನೆಯವರೆಗೂ ಕೇಳಿತು. "ಬೊಳ್ಳುವಿಗೆ ರೋಗ ಇರ್ಲಿಲ್ಲ. ನಂಗೆ ಗೊತ್ತಿತ್ತು."

ಹೇಳಿ ಅವನು ತಲೆ ಎತ್ತಲಿಲ್ಲ. ಒಮ್ಮೆ ಹೇಳಿದ್ದು ಅವಳಿಗೆ ಕೇಳಿತೋ ಇಲ್ಲವೋ ಎಂದು ದಿನವೂ ಕಾಯುವಂತೆ, ಅವಳ "ಹಾಂ" ಎನ್ನುವ ಮಾತಿಗಾಗಿ ಕಿವಿಗೊಟ್ಟು ಬಾಗಿಯೇ ಇದ್ದ.