ಅಳಿಯಂದಿರ ಎದೆಜೇಬು

ಹೂ ಬಿಡುವ ಕಾಲ ಬಂತೆಂದರೆ ಜೇನಿನ ಕುಟುಂಬಗಳು ಪಾಲಾಗುತ್ತವೆ. ಮುದಿ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಟುಬಿಡುತ್ತಾಳೆ. ನಮ್ಮ ಭಾವನ ಫೋನಿಗೂ ಆಗಲೇ ಸುಗ್ಗಿ. ಜೇನು ಸಾಕುವವರ ಸಂಘದ ಅಧ್ಯಕ್ಷರಾದ ಮೇಲೆ ಅವರು 'ಹಲೋ' ಎನ್ನುವುದನ್ನೇ ಬಿಟ್ಟಿದ್ದಾರೆ. ಮೊದಲು ಗಂಟಲಲ್ಲೊಂದು ಗುಡುಗು, ಆಮೇಲೆ, "ಹೇಳೀ... ಅಧ್ಯಕ್ಷರೇ ಮಾತಾಡ್ತಿರೋದು."

ಆ ಬೆಳಿಗ್ಗೆ ಕರೆ ಮಾಡಿದವರು ನಮ್ಮ ಚಿಕ್ಕಮ್ಮ, ಗಣಿತದ ಟೀಚರ್. ಚಳಿಗೆ ಬೇರೆ ಜೇನುಪೆಟ್ಟಿಗೆಗಳೆಲ್ಲ ಖಾಲಿಯಾಗಿ ಅವರ ತಾರಸಿಯಲ್ಲಿ ಉಳಿದಿದ್ದು ಒಂದೇ ಒಂದು. ಅದರ ಹಿಂಡು ಈಗ ಎದುರಿನ ಕ್ಷೌರದಂಗಡಿಯ ಬೋರ್ಡಿಗೆ ಗಡ್ಡದಂತೆ ಜೋತುಬಿದ್ದಿತ್ತು. ಒಳಗಿದ್ದ ಗಿರಾಕಿ ಅರ್ಧ ಮೀಸೆಯಲ್ಲೇ ಬಂದಿಯಾಗಿದ್ದ.

ಭಾವ ಚಂದ್ರನಿಗೆ ಹೊರಟವರ ಹಾಗೆ ಬಿಳಿ ಉಡುಪು ತೊಟ್ಟು, ಮುಖಕ್ಕೆ ಬಲೆ ಇಳಿಬಿಟ್ಟು ಬಂದರು. ಬೋರ್ಡಿನತ್ತ ಕಣ್ಣೂ ಹಾಯಿಸದೆ ತಾರಸಿಗೆ ಹೋಗಿ ಪೆಟ್ಟಿಗೆ ಬಿಚ್ಚಿದರು. ಜೇನೆರಿಯ ಅಂಚಿನಲ್ಲಿ ಕಡಲೆಕಾಯಿಯಂತೆ ತೂಗುತ್ತಿದ್ದ, ಹೊಸ ರಾಣಿಯರು ಬೆಳೆಯುವ ರಾಣಿಗೂಡುಗಳನ್ನೆಲ್ಲ ಕತ್ತರಿಸಿ ಎದೆಜೇಬಿಗೆ ಇಳಿಸಿದರು. ಏಣಿ ಹುಡುಕಲು ಹೋಗಿದ್ದ ಚಿಕ್ಕಮ್ಮ ಮೇಲೆ ಬರುವಷ್ಟರಲ್ಲಿ ಪರಾಕ್ರಮ ಮುಗಿದಿತ್ತು.

"ನೋಡಿ ಅತ್ತೆ, ಹೊಸ ರಾಣಿ ಹುಟ್ಟಿದ್ರೆ ತಾನೆ ಪಾಲಾಗೋದು? ಇನ್ನು ಈ ಹಿಂಡು ಹಾರೋ ಮಾತೇ ಇಲ್ಲ. ಇವು ನನ್ನ ಭಾಷಣಕ್ಕೆ ಸ್ಯಾಂಪಲ್."

"ಹಾರಿ ಆಯ್ತಲ್ಲ ಅಳಿಯಂದಿರೇ! ಕೋಟೆ ಸೂರೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಹಳೇ ರಾಣಿ ಬೋರ್ಡಿನ ಮೇಲೆ, ಹೊಸಬರು ನಿಮ್ಮ ಜೇಬಲ್ಲಿ. ಇನ್ನೊಬ್ಬಳನ್ನ ಮಾಡ್ಕೊಳ್ಳೋಕೆ ಗೂಡಲ್ಲಿ ಒಂದು ಮೊಟ್ಟೆನೂ ಇಲ್ಲ. ಆ ಬೋರ್ಡಿನವಳೂ ಸಿಗ್ಲಿಲ್ಲ ಅಂದ್ರೆ ಈ ಪೆಟ್ಟಿಗೇಲಿ ನಾನು ಚಪ್ಪಲಿ ಇಟ್ಕೋಬೇಕು."

"ಅದಕ್ಕೇ ಅಲ್ವೆ ನಾನು ಬಂದಿರೋದು?"

ಅಂಗಡಿಯ ಮುಂದೆ ಏಣಿ ಹಿಡಿದವನು ನಾನು. ಕೆಳಗೆ ಖಾಲಿ ಪೆಟ್ಟಿಗೆ ಹಿಡಿದವರು ಚಿಕ್ಕಮ್ಮ. ಭಾವ ಏಣಿಯನ್ನು ಎದೆಗವಚಿಕೊಂಡು ತೆವಳುತ್ತ ಏರಿದರು. ಹಿಂಡು ಪೆಟ್ಟಿಗೆಗೆ ಉದುರುವಂತೆ ಬೋರ್ಡನ್ನು ಒಂದೇ ಏಟಿಗೆ ಒದರಬೇಕು, ಅಷ್ಟೇ ಕೆಲಸ. ಕೈ ಎತ್ತಿದರು. ಫೋನ್ ಹೊಡೆದುಕೊಂಡಿತು.

ಕೈಗವಸು ಕಳಚಿದರು. ಗುಡುಗಿದರು. "ಹೇಳೀ... ಹಿಂಡು ಕೂತಿದ್ಯಾ? ತಡ ಮಾಡ್ಬಾರ್ದು ಕಣ್ರೀ. ಅವು ಯಾರಿಗೂ ಕಾಯಲ್ಲ. ಇದನ್ನ ನಾನು ಮೂರು ಸಭೇಲಿ ಹೇಳಿದೀನಿ..."

ಭಾಷಣ ನಡೆಯುತ್ತಿದ್ದಂತೆಯೇ ನಮ್ಮ ಹಿಂಡು ಗುಂಯ್ ಎಂದು ಎದ್ದು, ಛಾವಣಿಗಳಾಚೆ ಮಾಯವಾಯಿತು. ಸಭಿಕರಲ್ಲಿ ಬುದ್ಧಿ ಇದ್ದವರೆಂದರೆ ಅವೇ.

ಚಿಕ್ಕಮ್ಮ ಪೆಟ್ಟಿಗೆ ಕೆಳಗಿಟ್ಟು, ಪರೀಕ್ಷೆಗೆ ನಕಲು ಚೀಟಿ ತಂದ ವಿದ್ಯಾರ್ಥಿಯ ಮುಂದೆ ಚಾಚುವಂತೆ ಕೈ ಚಾಚಿದರು.

"ಜೇಬು."

"ಅತ್ತೆ, ಸ್ಯಾಂಪಲ್ಲು..."

"ಜೇಬು ಅಂದೆ."

ಏಣಿಯ ಅಪ್ಪುಗೆಗೆ ಗೂಡುಗಳೆಲ್ಲ ಜಜ್ಜಿಹೋಗಿದ್ದವು, ಒಂದರ ಹೊರತು. ಚಿಕ್ಕಮ್ಮ ಅದನ್ನು ಬಿಸಿಲಿಗೆ ಹಿಡಿದರು. ಒಳಗೇನೋ ಮಿಸುಕಿತು. ಹಾಗೇ ಅಂಗೈಯಲ್ಲಿ ಮುಚ್ಚಿಕೊಂಡು ತಾರಸಿಗೆ ಹೋಗಿ, ಎರಡು ಎರಿಗಳ ನಡುವೆ ತುದಿ ಕೆಳಗಾಗುವಂತೆ ಸಿಕ್ಕಿಸಿದರು.

ರಾಣಿ ಹುಟ್ಟಿದಳು. ಹೂಗಳು ಉದುರುವ ಮೊದಲೇ ಮೊಟ್ಟೆಯನ್ನೂ ಇಟ್ಟಳು. "ಅಳಿಯಂದಿರ ಎದೆ ಬಿಸಿಗೆ ಒಬ್ಬಳಾದ್ರೂ ಬದುಕಿದ್ಲಲ್ಲ," ಎಂದರು ಚಿಕ್ಕಮ್ಮ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವಳು ನಮ್ಮಕ್ಕ.

ಭಾವ ಮಾತ್ರ ಅಲ್ಲೇ ಕೂತು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: "ರಾಣಿಗೂಡನ್ನ ಎದೆಜೇಬಲ್ಲಿ ಇಟ್ಕೊಳ್ಳಿ. ಕಾವು ಸಿಗುತ್ತೆ. ನನ್ನದೇ ವಿಧಾನ."

"ಇಟ್ಕೊಂಡು ಏಣಿ ಹತ್ತಬೇಡಿ ಅಂತ್ಲೂ ಹೇಳಿ," ಎಂದರು ಚಿಕ್ಕಮ್ಮ.