ಸೈದಾನಬಿಯ ಬಾಕಿ

ಸರ್ದಾರ ಬಾಗಿಲ ಪರದೆ ಸರಿಸಿದ್ದೇ ತಡ, ಸಾಬಮ್ಮ ಪಕ್ಕದಲ್ಲಿ ಕುಳಿತ ಗುಂಡಮ್ಮನ ಸೆರಗು ಹಿಡಿದು ಜಗ್ಗಿದಳು. ಬಾಯಿ ಮುಚ್ಚಿಕೊಂಡಿರು ಮಾರಾಯ್ತಿ ಎಂದು ಅದರ ಅರ್ಥ. ಗುಂಡಮ್ಮ ಸೆರಗು ಕಿತ್ತುಕೊಂಡಳು.

ಸೈದಾನಬಿಗೆ ಕಫನ್ ಬಟ್ಟೆ ಸುತ್ತಿ ಆಗಿತ್ತು. ಜನಾಜಾ ಎತ್ತುವ ಮೊದಲು ಸತ್ತವರ ಸಾಲ ಕೇಳುವುದು ಅವರಲ್ಲಿ ರಿವಾಜು.

"ನಮ್ಮ ಅಮ್ಮಿ ಯಾರಿಗರೆ ಕೊಡಾದಿದ್ರ ಈಗೇ ಹೇಳ್ರಿ. ನಾ ತೀರಸ್ತೀನಿ," ಎಂದ ಮಗ ಸರ್ದಾರ.

ಏನಿತ್ತು ಅವನ ಹತ್ತಿರ, ತೀರಿಸಲಿಕ್ಕೆ? ಶಹಾಬಾದಿನ ಫರ್ಸಿಕಲ್ಲಿನ ಗಣಿಯಲ್ಲಿ ದಿನಗೂಲಿ. ಮನೆಯಲ್ಲಿ ಅವ್ವನ ಹೊಲಿಗೆ ಮಶೀನು ಒಂದೇ. ಅದನ್ನು ಮಾರಿದರೆ ಹೆಂಡತಿ ಅಖ್ತರ ಬೇಗಂ ಗಣಿಗೆ ಕಲ್ಲು ಹೊರಲು ಹೋಗಬೇಕು, ಅವಳಿಗೋ ಈಗ ಆರು ತಿಂಗಳು. ಇವತ್ತೊಂದು ದಿನ ಈ ಗುಂಡಮ್ಮನ ನಾಲಿಗೆಗೆ ಲಗಾಮು ಹಾಕಪ್ಪಾ ದೇವರೇ ಎಂದು ಸಾಬಮ್ಮ ಬೇಡಿಕೊಂಡಳು.

*

ಓಣಿಯ ಐವರು ಹೆಂಗಸರು ಒಂದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬ್ಯಾಂಕಿನಿಂದ ಸಾಲ ಎತ್ತಿದ್ದು ಎಂಬತ್ತನಾಲ್ಕರಲ್ಲಿ. ಗುಂಡಮ್ಮನಿಗೆ ಎಮ್ಮೆ, ಸಾಬಮ್ಮನಿಗೆ ಬಳೆ ವ್ಯಾಪಾರ, ಸೈದಾನಬಿಗೆ ಮಶೀನು. ಒಬ್ಬಳು ತಪ್ಪಿಸಿದರೆ ಉಳಿದ ನಾಲ್ವರು ಕಟ್ಟಬೇಕು ಎಂದಿದ್ದರು ಮ್ಯಾನೇಜರ್ ಸಾಹೇಬರು. ಈ ಸೈದಾ ತಪ್ಪಿಸಿದರೆ ತಾನಂತೂ ಒಂದು ಪೈಸೆ ಬಿಚ್ಚುವವಳಲ್ಲ ಎಂದು ಗುಂಡಮ್ಮ ಇಡೀ ಬ್ಯಾಂಕಿಗೆ ಕೇಳುವಂತೆ ಸಾರಿದ್ದಳು.

ಸೈದಾನಬಿ ಎಲೆಯಡಿಕೆ ಜಗಿಯುತ್ತ ನಕ್ಕಿದ್ದಳು. "ನಿನ್ನ ಬಾಕಿ ಇಟ್ಟು ನಾ ಸಾಯಾಂಗಿಲ್ಲ ತಗೊ. ಸತ್ರ ಗೋರಿ ತನಕಾ ಬೆನ್ನ ಹತ್ತಿ ಬರ್ತಿ."

ಆಮೇಲಿನ ಎರಡು ವರ್ಷ ಇಬ್ಬರೂ ಜಗಳಾಡದ ದಿನವಿಲ್ಲ. ಕಂತು ಕಟ್ಟಲು ಕೂಡಿ ಹೋಗದ ತಿಂಗಳೂ ಇಲ್ಲ. ಜಡ್ಡಿಗೆ ಬಿದ್ದ ಮೇಲೆಯೇ ಸೈದಾನಬಿಯ ಕಂತು ನಿಂತದ್ದು.

*

"ಐತಿ. ಬಾಕಿ ಐತಿ," ಎಂದಳು ಗುಂಡಮ್ಮ.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ತಿರುಗಿದರು. ಸರ್ದಾರ ಮಶೀನಿನ ಕಡೆ ಒಮ್ಮೆ ನೋಡಿ, ಎಷ್ಟು ಎಂದು ಕೇಳಿದ.

"ಒಂದು ತೋಳು. ನನ್ನ ಹಸರ ಕುಬಸಕ್ಕ ಒಂದೇ ತೋಳು ಹಚ್ಚಿ ಮಲಗಿದ್ಲು ನಿಮ್ಮವ್ವ. ಇನ್ನೊಂದು ನಿನ್ನ ಹೇಣ್ತಿ ಹಚ್ಚಿ ಕೊಡಬೇಕು, ಇದೇ ಮಶೀನ್ ಮ್ಯಾಗ. ಮಾರಿದಿ ಅಂದ್ರ ನಿನ್ನ ಕಾಲು ಮುರೀತೀನಿ."

ಮತ್ತೆ ಬ್ಯಾಂಕಿನ ಸಾಲ ಎಂದು ಅವನು ರಾಗ ಎಳೆದ.

"ಅದು ನಮ್ಮ ನಾಕು ಮಂದೀದು. ನೀ ಹೆಬ್ಬಟ್ಟು ಒತ್ತೀದೇನು?"

ಸಾಬಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಸೆರಗಿನಲ್ಲಿ ಮುಖ ಮುಚ್ಚಿ ನಗತೊಡಗಿದರು. ಹೀಗೆ ನಗುತ್ತ ಕಳಿಸಿಕೊಡುವ ಭಾಗ್ಯ ಎಷ್ಟು ಜನರಿಗುಂಟು!

ಗಂಡಸರು ಜನಾಜಾ ಎತ್ತಿದರು. ಗುಂಡಮ್ಮ ಮಶೀನಿನ ಮೇಲಿದ್ದ ಹಸಿರು ಕುಬಸ ತೆಗೆದು ಹಳೆಯದರ ಮೇಲೆಯೇ ತೊಟ್ಟುಕೊಂಡು ಹಿಂದೆ ಓಡಿದಳು. ಗೋರಿಯವರೆಗೆ ಹೆಂಗಸರು ಹೋಗುವ ರಿವಾಜಿಲ್ಲ; ಓಣಿಯ ಬಾಯಲ್ಲೇ ಎಲ್ಲರೂ ನಿಂತರು. ಅವಳೊಬ್ಬಳು ರಸ್ತೆಯವರೆಗೂ ಹೋಗಿ ಎರಡೂ ಕೈ ಎತ್ತಿ ನಿಂತಳು. ಒಂದಕ್ಕೆ ಹೊಸ ಹಸಿರು ತೋಳು, ಇನ್ನೊಂದಕ್ಕೆ ಹಳೆಯ ಕುಬಸದ ಮಾಸಿದ ತೋಳು.